ಕುದುರೆಯ ಅಂಜಿಕೆ ಬಿಡಿಸುವ ಟಾರ್ಪಾಲಿನ್ ಆಟ

ಸವಾರಿಗೆ ಮೊದಲು ನೆಲದ ಮೇಲೆ ನಿಂತೇ ಕುದುರೆಯ ಅಂಜಿಕೆಯನ್ನು ಬಿಡಿಸಲು ಒಂದು ಹಳೆಯ ಟಾರ್ಪಾಲಿನ್ ಸಾಕು. ಅದನ್ನು ಚಿಕ್ಕದಾಗಿ ಮಡಿಸಿ ನೆಲದ ಮೇಲಿಟ್ಟು, ಉದ್ದನೆಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಸಡಿಲವಾಗಿ ಹಿಡಿದು, ಕುದುರೆಯ ಭುಜದ ಪಕ್ಕದಲ್ಲಿ ನಿಂತು, ಅದು ತಾನಾಗಿಯೇ ಮುಂದೆ ಬಂದು ಮೂಸುವವರೆಗೆ ಕಾಯಬೇಕು, ಎಳೆದೊಯ್ಯುವುದು ಸಲ್ಲದು. ತಲೆ ತಗ್ಗಿಸಿದ ಅಥವಾ ದೀರ್ಘವಾಗಿ ಉಸಿರುಬಿಟ್ಟ ಕ್ಷಣವೇ ಅದನ್ನು ದೂರ ಕರೆದೊಯ್ದು ಕುತ್ತಿಗೆಯ ಬುಡವನ್ನು ಕೆರೆಯಬೇಕು. ಈ ಬಿಡುವೇ ಅದಕ್ಕೆ ಸಿಗುವ ಬಹುಮಾನ, ಅವಸರದವರು ಎಡವುವುದೂ ಇಲ್ಲಿಯೇ. ಬಳಿಕ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚುತ್ತ, ಕೊನೆಗೆ ಅದರ ಮೇಲೆಯೇ ನಡೆಸಬಹುದು. ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ, ಎಡದಿಂದ ಕಲಿಸಿದ್ದನ್ನು ಬಲದಿಂದಲೂ ಹೊಸದೆಂಬಂತೆ ಕಲಿಸಬೇಕು. ಒಮ್ಮೆಗೆ 10–15 ನಿಮಿಷ ಸಾಕು.