ಲೈನು ಮನೆಯ ಹಳೇ ಪಾಯ: ಅಗೆಯದೆ ದಾಖಲಿಸುವುದು, ಋಣವರಿತು ಕೊಡುವುದು

ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರದ ಕಡೆ ಹಳೇ ಕಾಫಿ ತೋಟದ ಬಂಗಲೆಗೆ ಸುಣ್ಣಬಣ್ಣ ಆಗುತ್ತದೆ. ಆಳುಗಳಿದ್ದ ಸಾಲುಮನೆಯ, ಅಂದರೆ ಲೈನು ಮನೆಯ ಕಲ್ಲು ಕಿತ್ತು ಮೋರಿ ಕಟ್ಟಲು ಹೋಗುತ್ತದೆ. ಮುಂಗಡ ಪಡೆದು, ಆಳು ಕರೆತರುವ ಮೇಸ್ತ್ರಿಯ ಹಿಂದೆ ಘಟ್ಟ ಹತ್ತಿದವರು, ತಲೆಮಾರಿನಿಂದ ಜೀತಕ್ಕಿದ್ದವರು ಅಲ್ಲಿ ಬಾಳಿದ್ದಕ್ಕೆ ಎಷ್ಟೋ ಕಡೆ ಆ ಪಾಯ ಒಂದೇ ಸಾಕ್ಷಿ. 1843ರ ಕಾಯ್ದೆ ಬ್ರಿಟಿಷ್ ಇಂಡಿಯಾದ ಕೋರ್ಟುಗಳು ಗುಲಾಮಗಿರಿಯನ್ನು ಮಾನ್ಯ ಮಾಡದಂತೆ ತಡೆಯಿತು. 1859ರ ಇನ್ನೊಂದು ಕಾಯ್ದೆ ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಜೈಲಿಗೆ ಹಾಕುವ ದಾರಿ ತೆರೆಯಿತು. ಹಾಗಾಗಿ ಆ ಪಾಯವನ್ನು ಅಳೆದು ದಾಖಲಿಸುವ ಹುಡುಕಾಟ ಸಾಲದ ಜಾಡು ಹಿಡಿದೇ ನಡೆಯಬೇಕು.

ಮೊದಲು ಒಪ್ಪಿಗೆ. ನ್ಯೂಯಾರ್ಕಿನಲ್ಲಿ 1991ರಲ್ಲಿ ಸರ್ಕಾರಿ ಕಟ್ಟಡದ ಜಾಗದಲ್ಲಿ ಆಫ್ರಿಕನ್ನರ ಹಳೇ ಸ್ಮಶಾನ ಸಿಕ್ಕಿತು. ವಂಶಸ್ಥರ ಮಾತು ಕೇಳದೆ ಅಗೆತ ಸಾಗಿದ್ದಕ್ಕೆ ಕಪ್ಪು ಜನ ಸಿಡಿದೆದ್ದರು. ಕೊನೆಗೆ ಅಧ್ಯಯನ ಹೊವಾರ್ಡ್ ವಿಶ್ವವಿದ್ಯಾಲಯದ ಮೈಕಲ್ ಬ್ಲೇಕಿಯವರ ತಂಡದ ಕೈಗೆ ಹೋಯಿತು. ಯಾವ ಪ್ರಶ್ನೆ ಕೇಳಬೇಕೆಂಬುದನ್ನು ವಂಶಸ್ಥರೊಡನೆ ಕೂತು ಗೊತ್ತುಮಾಡಿದರು. 419 ಜನರ ಅವಶೇಷಗಳು 2003ರಲ್ಲಿ ಮತ್ತೆ ಮಣ್ಣು ಸೇರಿದವು. ನಮ್ಮಲ್ಲೂ ಲೈನಿನವರನ್ನು, ಅಲ್ಲಿಂದ ಹೊರಬಿದ್ದ ಕುಟುಂಬಗಳನ್ನು ಮೊದಲು ಕೇಳಿ, ಮಾಲೀಕರನ್ನು ಆಮೇಲೆ. ಬಂಗಲೆಯ ಜಗಲಿಯಲ್ಲಿ ಸಭೆ ಬೇಡ. ತೋಟದ ಗುಮಾಸ್ತ ರೈಟರ ಎದುರು ಯಾರೂ ಬಾಯಿ ಬಿಡುವುದಿಲ್ಲ. ಪಾಯ ಕೀಳುವುದಿಲ್ಲ, ಈಗ ವಾಸವಿರುವವರನ್ನು ಎಬ್ಬಿಸುವುದಿಲ್ಲ ಎಂದು ಮಾಲೀಕರಿಂದ ಬರೆಸಿಕೊಳ್ಳಿ. ಬರೆಸಿಕೊಳ್ಳದೆ ಟೇಪು ಬಿಚ್ಚಿದರೆ, ನಾಳೆ ಹಕ್ಕು ಕೇಳುತ್ತಾರೆಂಬ ಹೆದರಿಕೆಗೆ ಗೋಡೆಯೇ ಮಾಯವಾಗಬಹುದು.

ಕೊಯ್ಲು ಮುಗಿದು, ಹೂಮಳೆ ಬಿದ್ದು, ಹೂ ಬಾಡಿದ ಮೇಲೆ ತೋಟಕ್ಕೆ ಇಳಿಯಿರಿ. ಜೂನ್ ಬಂದರೆ ಜಿಗಣೆ, ಕಳೆ, ಪಾಯ ಕಾಣುವುದಿಲ್ಲ. 30 ಮೀಟರಿನ ಎರಡು ಟೇಪು, ಗೂಟ, ನೂಲು, ಒಂದು ಮೀಟರಿನ ಅಳತೆಕೋಲು, ಗ್ರಾಫ್ ಹಾಳೆ, ಪೆನ್ಸಿಲ್ ಸಾಕು. ಕದಲದ ಬಂಡೆಯನ್ನೋ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಮೂಲೆಯನ್ನೋ ಗುರುತಿನ ಬಿಂದು ಮಾಡಿಕೊಳ್ಳಿ. ಅಲ್ಲಿಂದ ನೇರ ನೂಲು ಎಳೆದು, 3, 4, 5 ಮೀಟರಿನ ತ್ರಿಕೋನದಿಂದ ಲಂಬ ಹಿಡಿಯಿರಿ. ತಪ್ಪುವುದು ಹೆಚ್ಚಾಗಿ ಇಳಿಜಾರಿನಲ್ಲಿ: 20 ಡಿಗ್ರಿ ಇಳಿಜಾರಿನ ನೆಲಕ್ಕೆ ಒರಗಿಸಿ 30 ಮೀಟರ್ ಎಳೆದರೆ ನಕ್ಷೆಯಲ್ಲಿ ಅದು 28.2 ಮೀಟರ್ ಮಾತ್ರ. ಟೇಪನ್ನು ಮಟ್ಟವಾಗಿ ಹಿಡಿದು ಐದೈದು ಮೀಟರಿನ ಮೆಟ್ಟಿಲಾಗಿ ಇಳಿಯಿರಿ. ನೆರಳುಮರದ ಕೆಳಗೆ ಫೋನಿನ ಜಿಪಿಎಸ್ ಹತ್ತಾರು ಅಡಿ ಆಚೀಚೆ ತೋರಿಸುತ್ತದೆ. ಅದು ಜಾಗ ಗುರುತಿಸಲಷ್ಟೇ, ಕೋಣೆ ಅಳೆಯಲು ಅಲ್ಲ.

ನಕ್ಷೆಯಲ್ಲಿ 1 ಮೀಟರಿಗೆ 2 ಸೆಂಟಿಮೀಟರ್. ಪ್ರತಿ ಕೋಣೆಯ ಒಳ ಅಳತೆ, ಎರಡೂ ಕರ್ಣ, ಬಾಗಿಲ ದಿಕ್ಕು, ಒಲೆಯ ಜಾಗ, ನೀರಿಗೆ ಇರುವ ದೂರ ಬರೆಯಿರಿ. ಬಂಗಲೆಯನ್ನೂ ಇದೇ ಹಾಳೆಯಲ್ಲಿ ಅಳೆಯಲೇಬೇಕು. ಆಳುಗಳ ಹಾಜರಿ ಪುಸ್ತಕವಾದ ಹಳೇ ಚೆಕ್‌ರೋಲಿನಿಂದಲೋ ನೆನಪಿನಿಂದಲೋ ತಲೆಲೆಕ್ಕ ಸಿಕ್ಕರೆ, 3 ಮೀಟರ್ ಚೌಕದ ಕೋಣೆಯಲ್ಲಿ ಆರು ಜನ ಎಂದರೆ ತಲಾ ಒಂದೂವರೆ ಚದರ ಮೀಟರ್. ಬಂಗಲೆಗೂ ಹೀಗೇ ಭಾಗಿಸಿ ಪಕ್ಕದಲ್ಲಿಡಿ. ಅಸಮಾನತೆ ಕಣ್ಣಿಗೆ ಕಾಣುತ್ತದೆ.

ಬಳೆಚೂರು, ಮಡಕೆಚೂರು, ಬಾಟಲಿ ಗಾಜು ಕಂಡಲ್ಲೇ ಫೋಟೋ ತೆಗೆದು ಅಲ್ಲೇ ಬಿಡಿ. ಮಂಗಳೂರು ಹೆಂಚಿನ ಮುದ್ರೆ ಕಾಲ ಹೇಳುತ್ತದೆ, ಆದರೆ ಪೂರ್ತಿ ಅಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಆ ಮುದ್ರೆಯಿದ್ದರೆ ಹೆಂಚು ಅದಕ್ಕಿಂತ ಹಳೆಯದಲ್ಲ, ಅಷ್ಟೇ. ಗೋಡೆ ಹಳೆಯದಿರಬಹುದು, ಹೆಂಚು ಬೇರೆ ಚಾವಣಿಯಿಂದ ಇಳಿದು ಬಂದಿರಬಹುದು. ಅಗೆಯಬೇಡಿ. ಮಣ್ಣಲ್ಲಿ ಹುದುಗಿದ ನಿಧಿ ಸಿಕ್ಕರೆ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಮಾಧಿಗಳ ಹತ್ತಿರ ಮನೆಯವರು ಕರೆದರೆ ಮಾತ್ರ ಹೋಗಿ. ಜಾಗದ ಗುರುತನ್ನು ನೆಟ್ಟಿಗೆ ಹಾಕಬೇಡಿ.

ಹಿರಿಯರ ಹತ್ತಿರ “ನೀವು ಜೀತದಾಳಾ?” ಎಂದು ಕೇಳುವುದು ಅವಮಾನ. “ಅಜ್ಜಿ, ಮುಂಗಡ ಯಾರ ಕೈಯಿಂದ ಬಂತು? ತೀರಿತು ಅಂತ ಯಾರು ಹೇಳಿದರು? ಬಿಟ್ಟು ಹೋಗೋಕೆ ಆಗ್ತಿತ್ತಾ?” ಎನ್ನಿ. ಆ ದಿನದ ಕೂಲಿ ತಪ್ಪಿದ್ದರೆ ಕೈಯಲ್ಲಿ ಕೊಟ್ಟು ಬನ್ನಿ. ಧ್ವನಿಮುದ್ರಣದ ಒಂದು ಪ್ರತಿ ಅವರ ಮನೆಗೆ. ಬೇಡ ಎಂದರೆ ಅಳಿಸಿಬಿಡಿ.

ಹಣದ ವಿಷಯದಲ್ಲಿ ಎಡವುವವರೇ ಹೆಚ್ಚು. ತೋಟದ ಮನೆತನ ಏನಾದರೂ ಕೊಡಬೇಕೆಂದರೆ ಮೊದಲು ನೆನಪಿಗೆ ಬರುವುದು ಕಮಾನು, ನಾಮಫಲಕ. ಅದರ ಬದಲು ಏಳು ಜನರ ಟ್ರಸ್ಟ್ ಮಾಡಿ, ನಾಲ್ಕು ಸ್ಥಾನ ವಂಶಸ್ಥರಿಗೆ, ಅದರಲ್ಲಿ ಇಬ್ಬರಾದರೂ ಹೆಂಗಸರು; ಚೆಕ್ಕಿಗೆ ಎರಡು ಸಹಿ, ಒಂದು ವಂಶಸ್ಥರದ್ದೇ. ನಿವೇಶನವೋ ಮಕ್ಕಳ ಓದೋ ಅವರೇ ಹೇಳಲಿ. ದಾಖಲೆ ಕೆಲಸಕ್ಕೆ ನೂರಕ್ಕೆ ಹದಿನೈದು ದಾಟದಿರಲಿ. ಕಂಪನಿ ತೋಟವಾದರೆ ಒಂದು ಎಚ್ಚರ: ತನ್ನ ನೌಕರರಿಗಷ್ಟೇ ಆಗುವ ಕೆಲಸ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಲೆಕ್ಕಕ್ಕೆ ಬರುವುದಿಲ್ಲ. ಕಾರ್ಮಿಕರ ವಸತಿಯಂತೂ 1951ರ ತೋಟ ಕಾರ್ಮಿಕ ಕಾಯ್ದೆಯ ಕಾಲದಿಂದ ಮಾಲೀಕರ ಹೊಣೆ. ಲೈನಿಗೆ ಹೆಂಚು ಹೊದಿಸಿ ಅದನ್ನು ದಾನವೆನ್ನುವುದು ತಪ್ಪು.

ಮಾತಿನ ನಡುವೆ ಇವತ್ತಿನ ಜೀತವೇ ಹೊರಬಂದರೆ ಅಳತೆ ಅಲ್ಲಿಗೆ ನಿಲ್ಲಿಸಿ. ಅವರ ಒಪ್ಪಿಗೆ ಪಡೆದು ಉಪವಿಭಾಗಾಧಿಕಾರಿಗೋ ಜಿಲ್ಲಾಧಿಕಾರಿಗೋ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 1976ರ ಕಾಯ್ದೆಯಲ್ಲಿ ಜೀತದ ಸಾಲ ರದ್ದು. ಅದು ಜೀತದ ಸಾಲವಲ್ಲ ಎಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಬಿಡುಗಡೆ ಪತ್ರ ಕೈಗೆ ಬಂದ ದಿನವೇ ಅದರ ಮೂರು ಪ್ರತಿ ಮಾಡಿಸಿ, ಮೂಲ ಪ್ರತಿ ಆ ಮನೆಯಲ್ಲೇ ಇರಲಿ.