ಫೋನು ಒಬ್ಬರದು, ಮಾತು ಇನ್ನೊಬ್ಬರದು

ತಿಪಟೂರಿನ ಹತ್ತಿರದ ಒಂದು ಹಳ್ಳಿ. ಜಗಲಿಯ ಮೇಲೆ ಒಬ್ಬ ಅಜ್ಜನ ಜೊತೆ ಕೂತಿದ್ದೆ. ಅವರ ವಾಟ್ಸಾಪಿಗೆ ಆ ದಿನ ಎರಡು ಮೆಸೇಜು ಬಂದಿದ್ದವು. ಒಂದು, ಕೊಬ್ಬರಿ ಬೆಲೆ ದಿಢೀರನೆ ಏರಿದೆ ಅಂತ. ಇನ್ನೊಂದು, ಮಕ್ಕಳ ಕಳ್ಳರು ಜಿಲ್ಲೆಗೆ ಬಂದಿದ್ದಾರೆ ಅಂತ. ಕೊಬ್ಬರಿ ಸುದ್ದಿ ಓದಿದ ಕೂಡಲೇ ಅಜ್ಜ ಎಪಿಎಂಸಿಯಲ್ಲಿ ಪರಿಚಯವಿದ್ದ ಮಂಡಿಯವರಿಗೆ ಫೋನ್ ಮಾಡಿದರು. ಆಮೇಲೆ ಭಾವಮೈದುನನಿಗೆ. ಇಬ್ಬರೂ 'ಅಷ್ಟೇನಿಲ್ಲ' ಅಂದರು. ಮೆಸೇಜು ಅಳಿಸಿದರು. ಮಕ್ಕಳ ಕಳ್ಳರ ಮೆಸೇಜನ್ನು ಮಾತ್ರ ಯಾರನ್ನೂ ಕೇಳದೆ ಮಗಳಿಗೆ ಕಳಿಸಿದರು.

"ಇದನ್ನ ಯಾಕಜ್ಜ ಯಾರನ್ನೂ ಕೇಳಲಿಲ್ಲ?" ಅಂದೆ.

"ಕೊಬ್ಬರಿ ಆದ್ರೆ ಮಂಡಿಯವರಿದಾರೆ ಕಣಮ್ಮ. ಇದನ್ನ ಯಾರನ್ನ ಕೇಳ್ಲಿ? ಕಳಿಸಿರೋನು ನನ್ನ ತಮ್ಮನ ಮಗ. ಸುಳ್ಳು ಅಂತ ಅವನಿಗೆ ಅನ್ನಕ್ಕಾಗುತ್ತಾ?"

ಜನ ಆನ್‌ಲೈನ್ ಸುದ್ದಿಯನ್ನು ಯಾಕೆ ನಂಬುತ್ತಾರೆ ಅನ್ನುವುದು ನನ್ನ ಸಂಶೋಧನೆಯ ವಿಷಯ. ನಾನು ಓದಿಕೊಂಡು ಹೋಗಿದ್ದು ಬೇರೆಯೇ ಇತ್ತು. 2002ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ.ಜೆ. ಫಾಗ್ ತಂಡ ಎರಡು ಸಾವಿರಕ್ಕೂ ಜಾಸ್ತಿ ಜನರಿಗೆ ವೆಬ್‌ಸೈಟುಗಳನ್ನು ತೋರಿಸಿ, ಇವನ್ನು ನಂಬುತ್ತೀರಾ ಅಂತ ಕೇಳಿತ್ತು. ಅರ್ಧಕ್ಕೆ ಹತ್ತಿರದಷ್ಟು ಉತ್ತರಗಳಲ್ಲಿ ಜನ ಮಾತಾಡಿದ್ದು ಸೈಟು ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದರ ಬಗ್ಗೆ. ಆಮೇಲೆ ಅದೇ ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಇತಿಹಾಸಕಾರರನ್ನೂ ವಿದ್ಯಾರ್ಥಿಗಳನ್ನೂ, ಸುದ್ದಿ ನಿಜವೋ ಸುಳ್ಳೋ ಅಂತ ಪರೀಕ್ಷಿಸುವುದೇ ಕೆಲಸವಾದ ಫ್ಯಾಕ್ಟ್‌ಚೆಕ್ ಮಾಡುವವರನ್ನೂ ವೆಬ್‌ಸೈಟುಗಳ ಮುಂದೆ ಕೂರಿಸಿ ನೋಡಿದರು. ಇತಿಹಾಸಕಾರರು ಪುಟದೊಳಗೇ ಓದುತ್ತಾ ಉಳಿದರು. ಫ್ಯಾಕ್ಟ್‌ಚೆಕ್ ಮಾಡುವವರು ಬೇಗ ಪುಟ ಬಿಟ್ಟು ಹೊರಗೆ ಹೋಗಿ, ಇದರ ಬಗ್ಗೆ ಬೇರೆಯವರು ಏನನ್ನುತ್ತಾರೆ ಅಂತ ಹುಡುಕಿದರು. ನಮ್ಮ ಅಜ್ಜ ಕೊಬ್ಬರಿ ವಿಷಯದಲ್ಲಿ ಮಾಡಿದ್ದೂ ಅದನ್ನೇ ಅಲ್ವಾ? ಪರೀಕ್ಷೆ ಮಾಡುವುದು ಅವರಿಗೆ ಚೆನ್ನಾಗಿ ಗೊತ್ತು. ಮಕ್ಕಳ ಕಳ್ಳರ ವಿಷಯದಲ್ಲಿ ಕೇಳಲು ಒಬ್ಬ ಮನುಷ್ಯ ಇರಲಿಲ್ಲ. ಜೊತೆಗೆ, ಅನುಮಾನ ಪಟ್ಟರೆ ಕಳಿಸಿದವನನ್ನೇ ಅನುಮಾನಿಸಿದಂತೆ ಆಗುತ್ತಿತ್ತು.

ನಾನು ಈ ವಿಷಯ ಹಿಡಿದದ್ದು 2018ರ ಕಾರಣಕ್ಕೆ. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆ ಕಡೆ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತರು. ಅವರ ಜೊತೆಯಲ್ಲಿದ್ದವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಆ ದಿನಗಳಲ್ಲಿ ಎಲ್ಲರ ಫೋನಿನಲ್ಲಿ ಓಡಾಡುತ್ತಿದ್ದ ವಿಡಿಯೋ ಕರಾಚಿಯ ಒಂದು ಸಂಸ್ಥೆ ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ್ದು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೂಡಲೇ ಮರಳಿ ಬಂದು, ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದ್ದರು.

ಕೆಲಸ ಶುರು ಮಾಡಿದಾಗ ನಾನೊಂದು ದೊಡ್ಡ ತಪ್ಪು ಮಾಡಿದೆ. ಜನರಿಂದ ಸ್ಕ್ರೀನ್‌ಶಾಟ್ ಕಳಿಸಿಕೊಳ್ಳುತ್ತಿದ್ದೆ. ಸುಲಭ, ಬೇಗ ಆಗುತ್ತದೆ ಅಂತ. ಒಂದು ಸೆಮಿನಾರಿನಲ್ಲಿ ಅಂಥ ಒಂದನ್ನು ಪರದೆಯ ಮೇಲೆ ಹಾಕಿದೆ. ಸಕ್ಕರೆ ಕಾಯಿಲೆ ವಾಸಿ ಮಾಡುವ ಕಷಾಯದ ಫಾರ್ವರ್ಡ್ ಅದು. ನಂಬರು ಅಳಿಸಿದ್ದೆ. ಮೂಲೆಯಲ್ಲಿದ್ದ ಪುಟ್ಟ ಡಿಪಿ ಹಾಗೇ ಉಳಿದಿತ್ತು. ಕೆಳಗೆ ಆ ಹೆಂಗಸು ತಮ್ಮ ಸಕ್ಕರೆ ಎಷ್ಟಿದೆ, ಯಾವ ಮಾತ್ರೆ ಬಿಟ್ಟಿದ್ದೇನೆ ಅಂತ ಎರಡು ಸಾಲು ಬರೆದಿದ್ದರು. ಮುಂದೆ ಕೂತಿದ್ದ ಹುಡುಗಿಯೊಬ್ಬಳು "ಇವರು ನಮ್ಮ ಚಿಕ್ಕಮ್ಮ" ಅಂದಳು.

ಸ್ಕ್ರೀನ್‌ಶಾಟ್ ಕೊಟ್ಟವರ ಒಪ್ಪಿಗೆ ನನ್ನ ಹತ್ತಿರ ಇತ್ತು. ಅವರ ಸಹಿ ಇತ್ತು. ಆದರೆ ಆ ಚಿಕ್ಕಮ್ಮನ ಒಪ್ಪಿಗೆ ಕೇಳಿದವರು ಯಾರು? ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಆಯ್ತು ಬಿಡಮ್ಮ" ಅಂದರು. ಕಾಫಿ ಕುಡಿದು ಹೋಗು ಅನ್ನಲಿಲ್ಲ. ಆ ಸಂಜೆ ಇದ್ದಬದ್ದ ಸ್ಕ್ರೀನ್‌ಶಾಟುಗಳನ್ನೆಲ್ಲ ಅಳಿಸಿದೆ. ಮೂರು ತಿಂಗಳ ಕೆಲಸ ಹೋಯಿತು. ಹೋಗಲೇಬೇಕಿತ್ತು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೆ. ಆ ಚಿಕ್ಕಮ್ಮನ ಮನೆಯ ಹೊಸ್ತಿಲು ದಾಟಿ ಹೊರಗೆ ಬಂದಾಗಲೇ ನನಗೆ ಅದು ಅರ್ಥವಾಗಿದ್ದು.

ಅಲ್ಲಿಂದ ವಿಧಾನ ಬದಲಾಯಿಸಿದೆ. ಫೋನು ಅವರ ಕೈಯಲ್ಲೇ ಇರಬೇಕು. ಫಾರ್ವರ್ಡ್ ಆಗಿ ಬಂದದ್ದನ್ನು ಮಾತ್ರ ಅವರೇ ಓದಿ ಹೇಳಬೇಕು. ನಾನು ನೋಟ್‌ಬುಕ್ಕಿನಲ್ಲಿ ನನ್ನ ಮಾತಿನಲ್ಲಿ ಸಾರಾಂಶ ಬರೆಯುತ್ತೇನೆ. ಕಳಿಸಿದವರ ಹೆಸರಿಲ್ಲ, ಸಂಬಂಧ ಮಾತ್ರ: 'ಸೋದರಳಿಯ', 'ಸಂಘದ ಗೆಳತಿ'. ಮನೆಯವರ ಸ್ವಂತ ಮಾತು ಮಧ್ಯೆ ಬಂದರೆ ಪೆನ್ನು ಕೆಳಗಿಡುತ್ತೇನೆ. ಇದರಿಂದ ನಷ್ಟವೂ ಇದೆ. ಕಿರಣ್ ಗರಿಮೆಲ್ಲಾ ಅವರಂಥ ಸಂಶೋಧಕರು ರಾಜಕೀಯ ವಾಟ್ಸಾಪ್ ಗ್ರೂಪುಗಳ ಸಾವಿರಾರು ಚಿತ್ರಗಳನ್ನು ಕಂಪ್ಯೂಟರಿನಿಂದ ಕಲೆಹಾಕಿ ಪರಿಶೀಲಿಸಿ, ಸುಳ್ಳುಗಳಲ್ಲಿ ಹಳೆಯ ಚಿತ್ರಕ್ಕೆ ಹೊಸ ಕಥೆ ಕಟ್ಟಿದ್ದು ದೊಡ್ಡ ಪಾಲು ಅಂತ ತೋರಿಸಿದ್ದಾರೆ. ಅಂಥ ಲೆಕ್ಕ ನನ್ನ ನೋಟ್‌ಬುಕ್ಕಿನಿಂದ ಬರುವುದಿಲ್ಲ. ನನಗೆ ಸಿಕ್ಕಿದ್ದು ಬೇರೆ.

ಉದಾಹರಣೆಗೆ ಆ ಎರಡು ಬಾಣದ ಗುರುತು. ಮೆಸೇಜು ಐದು ಅಥವಾ ಇನ್ನೂ ಹೆಚ್ಚು ಕೈ ದಾಟಿ ಬಂದಿದೆ, ಹುಷಾರು ಅಂತ ವಾಟ್ಸಾಪ್ ಅದನ್ನು ಹಾಕುತ್ತದೆ. ನಾನು ಕೇಳಿದ ಹಲವರು ಅದನ್ನು ತಿರುಗಾಮುರುಗಾ ಓದಿಕೊಂಡಿದ್ದರು: "ಅಷ್ಟು ಜನ ಕಳಿಸಿದಾರೆ ಅಂದ್ರೆ ನಿಜ ಇರ್ಬೇಕು."

ಇನ್ನೊಂದು ಮನೆಯಲ್ಲಿ ಸೊಸೆ ಹೇಳಿದ್ದು ನನ್ನ ಪ್ರಶ್ನಾವಳಿಯನ್ನೇ ಬದಲಿಸಿತು. ಮಾವ ಕುಟುಂಬದ ಗ್ರೂಪಿಗೆ ಹಾಕಿದ್ದು ಸುಳ್ಳು ಅಂತ ಅವರಿಗೆ ಗೊತ್ತಿತ್ತು. "ಮಾವನವರು ಹಾಕಿದ್ದಕ್ಕೆ ಎಲ್ಲರ ಮುಂದೆ ನಾನು ಹೇಗೆ ಸುಳ್ಳು ಅನ್ಲಿ ಮೇಡಂ?" ರಾತ್ರಿ ಗಂಡನಿಗೆ ಹೇಳಿದರಂತೆ. ಗಂಡ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಅಪ್ಪನಿಗೆ ಹೇಳಿದ. ಮಾವ ಸುಮ್ನೆ ಅಳಿಸಿದರು. ಗ್ರೂಪಿನಲ್ಲಿ ಇದರ ಕುರುಹೇ ಇಲ್ಲ. ಹೊರಗಿನಿಂದ ನೋಡಿದವರು 'ಯಾರೂ ಪ್ರಶ್ನಿಸಲಿಲ್ಲ' ಅಂತ ಬರೆದುಕೊಳ್ಳುತ್ತಾರೆ. ಆದರೆ ಪ್ರಶ್ನೆ ಎದ್ದಿತ್ತು. ಗುಟ್ಟಾಗಿ, ಮರ್ಯಾದೆ ಉಳಿಸಿಕೊಂಡು ತೋಟದ ದಾರಿಯಲ್ಲಿ ಇತ್ಯರ್ಥವಾಗಿತ್ತು.

ಇಲ್ಲಿ ಖಾಸಗಿತನ ಸುಳ್ಳಿಗೆ ಮರೆಯಾಗಿರಲಿಲ್ಲ. ಅನುಮಾನ ಬಾಯಿ ಬಿಡಲು ಅದೇ ಜಾಗ ಕೊಟ್ಟಿತ್ತು. ಸುಳ್ಳು ಸುದ್ದಿ ತಡೆಯಲು ಎಲ್ಲರ ಮೆಸೇಜು ಓದುವ ವ್ಯವಸ್ಥೆ ಬೇಕು ಅನ್ನುವವರ ಮಾತನ್ನು ನಾನು ಒಪ್ಪದೇ ಇರುವುದು ಇದಕ್ಕೇ.

ಇನ್ನು ತರಬೇತಿ. ಬಿಹಾರದ ಗಯಾದಲ್ಲಿ 2019ರಲ್ಲಿ ಸಂಶೋಧಕಿ ಸುಮಿತ್ರಾ ಬದ್ರಿನಾಥನ್ 1,224 ಜನರ ಮೇಲೆ ಪ್ರಯೋಗ ಮಾಡಿದರು. ಮನೆಗೇ ಹೋಗಿ, ಸುಳ್ಳು ಸುದ್ದಿ ಗುರುತಿಸುವುದು ಹೇಗೆ ಅಂತ ಸುಮಾರು ಒಂದು ಗಂಟೆ ಪಾಠ. ಒಟ್ಟಾರೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆಮೇಲೆ ಅದೇ ರಾಜ್ಯದಲ್ಲಿ ಅವರೂ ಸಹಸಂಶೋಧಕರೂ ಸೇರಿ ಗ್ರಂಥಾಲಯಗಳಲ್ಲಿ ಹದಿಹರೆಯದವರಿಗೆ ತಿಂಗಳುಗಟ್ಟಲೆ ತರಗತಿ ನಡೆಸಿದಾಗ ಫಲ ಸಿಕ್ಕಿತು. ಇದನ್ನು ಓದಿದ ಮೇಲೆ ನಾನು ಒಂದು ದಿನದ ಭಾಷಣಕ್ಕೆ ಕರೆದರೆ ಹೋಗುವುದನ್ನು ಕಡಿಮೆ ಮಾಡಿದೆ.

ಬದಲಿಗೆ ಅಜ್ಜನ ಪ್ರಶ್ನೆ ಹಿಡಿದು ಹೊರಟೆ. ಯಾರನ್ನ ಕೇಳ್ಲಿ? ಆ ಊರಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಹೆಣ್ಣುಮಗಳಿಗೆ ಗೂಗಲ್ ಲೆನ್ಸಿನಲ್ಲಿ ಚಿತ್ರದ ಮೂಲ ಹುಡುಕುವುದು, ವಿಡಿಯೋದ ಒಂದು ದೃಶ್ಯ ನಿಲ್ಲಿಸಿ ಹುಡುಕುವುದು ಹೇಳಿಕೊಟ್ಟೆ. ಪ್ರತಿ ವಾರ, ಸುಮಾರು ನಾಲ್ಕು ತಿಂಗಳು. ಒಂದು ಮಾತು ಮಾತ್ರ ಗಟ್ಟಿಯಾಗಿ ಕೇಳಿಕೊಂಡೆ: ಯಾರ ಮೆಸೇಜನ್ನೂ ನಿನ್ನ ಫೋನಿಗೆ ಕಳಿಸಿಕೊಳ್ಳಬೇಡ, ಅವರ ಫೋನಿನಲ್ಲೇ ಅವರಿಂದಲೇ ಹುಡುಕಿಸು.

ಕಳೆದ ಸಲ ಹೋದಾಗ ಅಜ್ಜ ಗ್ರಂಥಾಲಯದ ಬೆಂಚಿನ ಮೇಲೆ ಕೂತಿದ್ದರು. ಪೇಪರ್ ಓದುತ್ತಿದ್ದ ಹುಡುಗರು ಎದ್ದು ಹೋಗುವವರೆಗೂ ಕಾದರು. ಆಮೇಲೆ ಜೇಬಿನಿಂದ ಫೋನು ತೆಗೆದು, ನನಗೆ ಕಾಣದಂತೆ ಸ್ವಲ್ಪ ತಿರುಗಿ, ಮೆಲ್ಲಗೆ ಅವಳನ್ನು ಕೇಳಿದರು. ನಾನು ಹೊರಗೆ ಬಂದು ಜಗಲಿಯ ಮೇಲೆ ಕೂತೆ.