ಗಾಡಿಯ ವಿನೈಲ್ ರ‍್ಯಾಪ್ ತೆಗೆಯುವುದು: ಕೊಡಗಿನ ಚಳಿ, ತೇವ ಗಮನದಲ್ಲಿಟ್ಟು

ಗಾಡಿಯ ಪೇಂಟಿನ ಮೇಲೆ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆಯೇ ವಿನೈಲ್ ರ‍್ಯಾಪ್. ಕೊಡಗಿನಲ್ಲಿ ಅದನ್ನು ತೆಗೆಯಲು ಮಾರ್ಚ್, ಏಪ್ರಿಲ್ ಒಳ್ಳೆಯ ಕಾಲ. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗಿರುತ್ತದೆ, ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ದಿನ ಬಿಟ್ಟರೆ ಬಿಸಿಲಿಗೆ ಕೊರತೆಯಿಲ್ಲ. ಮಡಿಕೇರಿಯ ಬೆಳಗಿನ ಚಳಿಯಲ್ಲಿ ವಿನೈಲ್ ಪೆಡಸಾಗಿ, ಎಳೆದಂತೆಲ್ಲ ಉಗುರಗಲದ ಚೂರುಗಳಾಗಿ ಹರಿಯುತ್ತದೆ. ಹಾಗಾಗಿ ಗಾಡಿಯನ್ನು ತೊಳೆದು ಆರಿಸಿ, ಬಿಸಿಲು ಏರಿದ ಮೇಲೆ ಶುರುಮಾಡಿ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಶೆಡ್ಡಿನೊಳಗೆ ಮಾಡಿ, ಗಾಡಿ ಪೂರ್ತಿ ಒಣಗಿರಲಿ.

ಫಿಲ್ಮ್ ಮೆತ್ತಗಾಗಲು ಬಿಸಿ ಗಾಳಿ ಊದುವ ಹೀಟ್ ಗನ್ ಬೇಕು, ಅದು 1500ರಿಂದ 2000 ವ್ಯಾಟ್ ಎಳೆಯುತ್ತದೆ. 5 ಆಂಪಿಯರ್ ಸಾಕೆಟ್ ಅದನ್ನು ತಡೆಯುವುದಿಲ್ಲ, 15 ಆಂಪಿಯರ್‌ದೇ ಬೇಕು. ಎಕ್ಸ್‌ಟೆನ್ಷನ್ ವಯರೂ ದಪ್ಪದ್ದಿರಲಿ. ತೋಟದ ಮನೆಗಳಲ್ಲಿ ವೋಲ್ಟೇಜ್ ಇಳಿದರೆ ಗನ್ನಿನ ಕಾವೂ ಇಳಿಯುತ್ತದೆ, ಅಂಥ ಹೊತ್ತಲ್ಲಿ ಹಟಕ್ಕೆ ಬಿದ್ದು ಎಳೆಯಬೇಡಿ.

ಎಳೆಯುವ ಮೊದಲು ಪೇಂಟಿನ ಚರಿತ್ರೆ ಗೊತ್ತಿರಬೇಕು. ಕಂಪನಿ ಪೇಂಟ್ ಸಾಮಾನ್ಯವಾಗಿ ಗಟ್ಟಿ. ಟಿಂಕರಿಂಗ್ ಮಾಡಿಸಿ ಮತ್ತೆ ಬಣ್ಣ ಹೊಡೆಸಿದ ಡೋರ್, ಬಂಪರ್‌ಗಳಲ್ಲಿ ರ‍್ಯಾಪಿನ ಜೊತೆ ಕ್ಲಿಯರ್ ಕೋಟೂ (ಬಣ್ಣದ ಮೇಲಿನ ಪಾರದರ್ಶಕ ಪದರ) ಎದ್ದು ಬರಬಹುದು. ಕಣ್ಣಿಗೆ ಬೀಳದ ಮೂಲೆಯಲ್ಲಿ ಎರಡು ಇಂಚು ಎಳೆದು ನೋಡಿ. ಬಣ್ಣ ಬಂತೋ, ಆ ಪ್ಯಾನೆಲ್ ಅಲ್ಲೇ ನಿಲ್ಲಿಸಿ, ಪೇಂಟರ್‌ಗೆ ತೋರಿಸಿ.

ಗನ್ನನ್ನು ಒಂದು ಗೇಣು ದೂರ ಹಿಡಿದು ಆಡಿಸುತ್ತಲೇ ಇರಿ. ಮೇಲ್ಮೈ 50ರಿಂದ 60 ಡಿಗ್ರಿ ಸೆಲ್ಸಿಯಸ್ ಆದರೆ ಸಾಕು. ಪ್ಲಾಸ್ಟಿಕ್ ಬಂಪರ್, ರಬ್ಬರ್ ಬೀಡಿಂಗ್ ಹತ್ತಿರ ಇನ್ನೂ ಕಡಿಮೆ. ಅಂಚನ್ನು ಉಗುರಿನಿಂದಲೋ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದಲೋ ಎಬ್ಬಿಸಿ. ಬ್ಲೇಡ್ ಬೇಡವೇ ಬೇಡ: ಅದು ಕೊರೆದ ಗೆರೆಯಲ್ಲಿ ಜೂನ್‌ನ ಮಳೆ ನಿಂತು ತುಕ್ಕು ಹುಟ್ಟುತ್ತದೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ನೆಟ್ಟಗೆ ಮೇಲಕ್ಕಲ್ಲ, ಪ್ಯಾನೆಲ್‌ಗೆ ಸುಮಾರು 45 ಡಿಗ್ರಿ ಓರೆಯಾಗಿ, ನಿಧಾನವಾಗಿ ಎಳೆಯಿರಿ.

ಫಿಲ್ಮ್ ಹೇಗೆ ಬರುತ್ತಿದೆ ಎನ್ನುವುದೇ ನಿಮಗೆ ದಾರಿ ತೋರಿಸುತ್ತದೆ. ಹರಿಯುತ್ತಿದ್ದರೆ ಕಾವು ಸಾಲದು. ಅಂಟು ಪೇಂಟಿನಲ್ಲೇ ಉಳಿಯುತ್ತಿದ್ದರೆ ಕಾವು ಹೆಚ್ಚಾಯಿತು, ಇಲ್ಲವೇ ನೀವು ಅವಸರದಲ್ಲಿ ಎಳೆದಿರಿ. ಬಾನೆಟ್ ಮತ್ತು ರೂಫ್ ವರ್ಷಗಟ್ಟಲೆ ಬಿಸಿಲು ಕುಡಿದಿರುವುದರಿಂದ ಅಲ್ಲೇ ಹೆಚ್ಚು ಕಷ್ಟ, ಡೋರ್‌ಗಳು ಸಲೀಸು. ಕೈ ಪಳಗಲು ಡೋರ್‌ನಿಂದಲೇ ಆರಂಭಿಸಿ. ಅಗ್ಗದ ಕ್ಯಾಲೆಂಡರ್ಡ್ ಫಿಲ್ಮ್ (ರೋಲರ್‌ಗಳ ನಡುವೆ ಒತ್ತಿ ತಯಾರಿಸಿದ್ದು) ಬಿರುಕು ಬಿಟ್ಟಿದ್ದರೆ ಅಗಲವಾಗಿ ಬರುವ ಆಸೆ ಬಿಡಿ, ನಾಲ್ಕು ಇಂಚಿನ ಪಟ್ಟಿಗಳಾಗಿ ತೆಗೆಯಿರಿ. ಅಂಥದ್ದಕ್ಕೆ ಸ್ಟೀಮ್ ಕ್ಲೀನರ್ ಸಿಕ್ಕರೆ ಹೀಟ್ ಗನ್ನಿಗಿಂತ ವಾಸಿ.

ಉಳಿದ ಅಂಟಿಗೆ ಗ್ಲೂ ರಿಮೂವರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್. ಅದಕ್ಕೂ ಮೊದಲು ಗನ್ ಆಫ್ ಮಾಡಿ, ಪ್ಯಾನೆಲ್ ಪೂರ್ತಿ ತಣಿಯಲಿ. ಇವೆರಡೂ ಬೇಗ ಬೆಂಕಿ ಹಿಡಿಯುವ ದ್ರವಗಳು. ಬಟ್ಟೆ ನೆನೆಸಿ ಎರಡು ಮೂರು ನಿಮಿಷ ಅಂಟಿನ ಮೇಲೆ ಒತ್ತಿಡಿ, ಮೆತ್ತಗಾದದ್ದನ್ನು ಉಜ್ಜದೆ ಒರೆಸಿ ತೆಗೆಯಿರಿ. ಥಿನ್ನರ್ ಹಾಕಿದರೆ ರೀಪೇಂಟ್ ಮಾಡಿದ ಬಣ್ಣ ಕರಗುತ್ತದೆ.

ಕೊನೆಗೆ ಶಾಂಪೂ ಹಾಕಿ ತೊಳೆದು, ಕಲ್ಲೇಟಿನ ಗುರುತುಗಳನ್ನು ಹುಡುಕಿ. ಮಣ್ಣುದಾರಿಯಲ್ಲಿ ಓಡಿದ ಜೀಪು, ಪಿಕಪ್‌ಗಳಲ್ಲಿ ಇವು ರ‍್ಯಾಪಿನ ಅಡಿಯಲ್ಲಿ ಅಡಗಿರುತ್ತವೆ. ತುಕ್ಕು ಉಜ್ಜಿ, ಪ್ರೈಮರ್ ಮತ್ತು ಟಚ್‌ಅಪ್ ಪೇಂಟನ್ನು ಮುಂಗಾರಿಗೆ ಮುಂಚೆಯೇ ಹಚ್ಚಿ. ರ‍್ಯಾಪ್ ಹಾಕಿಸಿದಾಗ ಆರ್‌ಸಿಯಲ್ಲಿ ಬಣ್ಣ ಬದಲಿಸಿದ್ದರೆ, ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಅದನ್ನೂ ತಿದ್ದಿಸಿಕೊಳ್ಳಿ.